ಕುರುವಿಂದ: ಸಾಣೆಕಲ್ಲಿನಿಂದ ಮಗುವಿನ ಒಸಡಿನ ತನಕ

ಸುಶ್ರುತಸಂಹಿತೆಯ ಸೂತ್ರಸ್ಥಾನದಲ್ಲಿ 8ನೆಯ ಅಧ್ಯಾಯ ಶಸ್ತ್ರಗಳಿಗೆ ಮೀಸಲು. ಮಂಡಲಾಗ್ರ, ಕರಪತ್ರ, ಉತ್ಪಲಪತ್ರ, ಬಡಿಶ, ಹಲ್ಲಿನ ಕಿಟ್ಟ ಕೆರೆಯುವ ದಂತಶಂಕು ಎಂದು 20 ಶಸ್ತ್ರಗಳ ಹೆಸರು, ಅವನ್ನು ಹಿಡಿಯುವ ಬಗೆ, ಹದ ಹಾಕುವ ಕ್ರಮ ಎಲ್ಲವೂ ಅಲ್ಲಿವೆ. ಅಲಗನ್ನು ಉದ್ದಿನ ಬಣ್ಣದ ನುಣುಪುಗಲ್ಲಿನ ಮೇಲೆ ಮಸೆಯಬೇಕು, ಹರಿತ ನಿಲ್ಲಿಸಲು ಬೂರುಗದ ಹಲಗೆ ಬೇಕು, ಕೂದಲನ್ನು ಸೀಳುವಷ್ಟು ಚೂಪಾದ ಮೇಲೆಯೇ ಕೈಗೆತ್ತಿಕೊಳ್ಳಬೇಕು ಎನ್ನುವ ಮಟ್ಟಿಗಿನ ಕಾಳಜಿ. ಇಷ್ಟೆಲ್ಲ ಹೇಳಿದ ಮೇಲೆ ಗ್ರಂಥ ಶಸ್ತ್ರವಲ್ಲದ ಶಸ್ತ್ರಗಳತ್ತ ತಿರುಗುತ್ತದೆ. ಅವಕ್ಕೆ ಅನುಶಸ್ತ್ರಗಳೆಂದು ಹೆಸರು. ಬಿದಿರಿನ ಹೊರಸಿಪ್ಪೆ, ಸ್ಫಟಿಕ, ಗಾಜು, ಕುರುವಿಂದ, ಜಿಗಣೆ, ಬೆಂಕಿ, ಕ್ಷಾರ, ಉಗುರು, ಕೆಲವು ಮರಗಿಡಗಳ ಎಲೆ, ಮೊಳಕೆ, ಕೂದಲು, ಬೆರಳು.

ಇವು ಯಾರಿಗಾಗಿ ಎಂಬುದನ್ನೂ ಅಲ್ಲೇ ಹೇಳಿದೆ. ಶಿಶುಗಳಿಗೆ, ಶಸ್ತ್ರ ಕಂಡರೆ ಹೆದರುವವರಿಗೆ, ಶಸ್ತ್ರವೇ ಸಿಗದ ಹೊತ್ತಿಗೆ. ಕತ್ತರಿಸುವ, ಸೀಳುವ ಕೆಲಸ ಬಂದಾಗ ಪಟ್ಟಿಯ ಮೊದಲ ನಾಲ್ಕನ್ನು ಬಳಸಬೇಕು: ಬಿದಿರು, ಸ್ಫಟಿಕ, ಗಾಜು, ಕುರುವಿಂದ. ಬಾಯಿಯ ರೋಗಗಳಿಗೂ ಕಣ್ಣೆವೆಯ ರೋಗಗಳಿಗೂ ಇನ್ನೊಂದು ದಾರಿಯಿದೆ. ಗೋಜಿ ಎಂಬ ಗಿಡದ, ಪಾರಿಜಾತದ, ತೇಗದ ಎಲೆಗಳಿಂದ ಉಜ್ಜಿ ಕೆಟ್ಟ ರಕ್ತ ತೆಗೆಯಬೇಕು. ಪಾರಿಜಾತದ ಎಲೆಯನ್ನು ಮುಟ್ಟಿದವರಿಗೆ ಅದರ ಒರಟು ಗೊತ್ತು. ತೇಗದ ಎಳೆಯೆಲೆಯನ್ನು ಅಂಗೈಯಲ್ಲಿ ತಿಕ್ಕಿ ಕೆಂಪು ಮಾಡಿಕೊಂಡು ಆಡದ ಮಕ್ಕಳು ಮಲೆನಾಡಿನಲ್ಲಿ ಕಡಿಮೆ. ಶಿವಮೊಗ್ಗ ಜಿಲ್ಲೆಯ ಕುಂಸಿಯ ಸುತ್ತಲ ಕಾಡಿನಲ್ಲಿ ಇಂದಿಗೂ ಸಿಗುವ ಈ ಎಲೆ ಒಂದು ಕಾಲಕ್ಕೆ ಒಸಡಿನ ಚಿಕಿತ್ಸೆಯ ಸಾಧನವಾಗಿತ್ತು ಎಂದು ಓದಿದಾಗ ನನಗೆ ಆ ವೈದ್ಯರ ಮೇಲೆ ಗೌರವ ಹೆಚ್ಚಿತು. ಮಗು ಹೆದರುತ್ತದೆ ಎನ್ನುವುದನ್ನು ಅವರು ಚಿಕಿತ್ಸೆಗೆ ಅಡ್ಡಿಯೆಂದು ಕಾಣಲಿಲ್ಲ. ಚಿಕಿತ್ಸೆ ಹೇಗಿರಬೇಕೆಂದು ತೀರ್ಮಾನಿಸುವ ಒಂದು ಕಾರಣವೆಂದು ಕಂಡರು.

ಆ ನಾಲ್ಕರಲ್ಲಿ ಕೊನೆಯದಾದ ಕುರುವಿಂದದ ಬೆನ್ನು ಹತ್ತಿ ಹೊರಟರೆ ದಾರಿ ಬಹಳ ದೂರ ಹೋಗುತ್ತದೆ.

ಸಂಸ್ಕೃತ ಕೋಶಗಳಲ್ಲಿ ಕುರುವಿಂದಕ್ಕೆ ಒಂದಲ್ಲ, ಹಲವು ಅರ್ಥಗಳಿವೆ. ಅಮರಕೋಶದಲ್ಲಿ ಅದು ಮುಸ್ತೆಯ ಹೆಸರು. ಮುಸ್ತೆಯೆಂದರೆ ನಮ್ಮ ಗದ್ದೆ ಬದುಗಳಲ್ಲಿ ಬೇಡವೆಂದರೂ ಬೆಳೆಯುವ ಕೊನ್ನಾರಿ, ಅದರ ಗಡ್ಡೆ ಭದ್ರಮುಷ್ಟಿ. ಮಕ್ಕಳ ಜ್ವರ, ಭೇದಿ, ಕೆಮ್ಮು, ವಾಂತಿಗೆ ಆಯುರ್ವೇದದಲ್ಲಿ ಹೇಳುವ ಬಾಲಚತುರ್ಭದ್ರ ಚೂರ್ಣದ ನಾಲ್ಕು ಮೂಲಿಕೆಗಳಲ್ಲಿ ಇದೂ ಒಂದು. ಹೀಗೆ ಹುಲ್ಲಾಗಿಯೂ ಈ ಕುರುವಿಂದ ಮಗುವಿನ ಹತ್ತಿರವೇ ಇತ್ತು. ಇನ್ನೊಂದು ಅರ್ಥ ಕಲ್ಲು. 6ನೆಯ ಶತಮಾನದ ವರಾಹಮಿಹಿರ ಬೃಹತ್ಸಂಹಿತೆಯಲ್ಲಿ ಪದ್ಮರಾಗದ ಹುಟ್ಟನ್ನು ಹೇಳುತ್ತ ಸೌಗಂಧಿಕ, ಕುರುವಿಂದ, ಸ್ಫಟಿಕ ಎಂಬ ಮೂರು ಮೂಲಗಳನ್ನು ಹೆಸರಿಸುತ್ತಾನೆ. ಕುರುವಿಂದದಿಂದ ಹುಟ್ಟಿದ ಮಾಣಿಕ್ಯ ಬಣ್ಣದಲ್ಲಿ ಬೆರಕೆಯದು, ಹೊಳಪಿನಲ್ಲಿ ಮಂದ, ಒಳಗೆ ಬೇರೆ ಧಾತು ಸೇರಿಕೊಂಡದ್ದು ಎಂಬುದು ಅವನ ಪರೀಕ್ಷೆ. ಇಂದಿನ ಖನಿಜಶಾಸ್ತ್ರದ ಕಣ್ಣಲ್ಲಿ ನೋಡಿದರೂ ಈ ಮಾತಿನಲ್ಲಿ ತಿರುಳಿದೆ. ಮಾಣಿಕ್ಯವೂ ನೀಲವೂ ಸಾಣೆಯ ಒರಟು ಕಲ್ಲೂ ಒಂದೇ ವಸ್ತು, ಅಲ್ಯುಮಿನಿಯಂ ಆಕ್ಸೈಡ್. ಚೂರು ಕ್ರೋಮಿಯಂ ಸೇರಿದರೆ ಕೆಂಪು, ಕಬ್ಬಿಣವೂ ಟೈಟಾನಿಯಮ್ಮೂ ಸೇರಿದರೆ ನೀಲಿ, ಏನೇನೋ ಬೆರೆತು ಮಸುಕಾದರೆ ಸಾಣೆಕಲ್ಲು.

ಪದದ ಬೇರು ಸಂಸ್ಕೃತದ್ದಲ್ಲ, ದ್ರಾವಿಡದ್ದು ಎಂದು ಹಲವು ವಿದ್ವಾಂಸರು ಭಾವಿಸಿದ್ದಾರೆ. ತಮಿಳಿನಲ್ಲಿ ಕುರುವಿಂದಮ್, ಕುರುಂದಮ್ ಎಂಬ ರೂಪಗಳಿವೆ. ‘ಕುರು’ ಎಂದರೆ ಬಣ್ಣ ಎಂದು ತೊಲ್ಕಾಪ್ಪಿಯಂ ಹೇಳುತ್ತದೆ. ಕನ್ನಡದಲ್ಲಿ ಕುರುಂದ, ಹಿಂದಿಯಲ್ಲಿ ಕುರಂಡ. ಕನ್ನಡಕ್ಕೆ ಇನ್ನೊಂದು ‘ಕುರು’ ಇದೆ, ಹುಣ್ಣು ಎಂಬ ಅರ್ಥದ್ದು. ಹುಳುಕಾದ ಹಾಲುಹಲ್ಲಿನ ಬುಡದಲ್ಲಿ ಒಸಡಿನ ಮೇಲೆ ಏಳುವ ಗುಳ್ಳೆಗೆ ನಮ್ಮ ಕಡೆಯ ತಾಯಂದಿರು ಒಸಡಿನ ಕುರು ಎನ್ನುತ್ತಾರೆ. ಸದ್ದು ಹೋಲಿತೆಂದು ಎರಡಕ್ಕೂ ನಂಟು ಕಟ್ಟುವುದು ಪದಜಿಜ್ಞಾಸೆಯಲ್ಲ. ಆ ಗುಳ್ಳೆಯ ಮಾತು ಮುಂದೆ ಬರುತ್ತದೆ.

ಸುಶ್ರುತನಲ್ಲಿ ಕುರುವಿಂದ ಕತ್ತರಿಸುವ ಚೂರು. ಮಸೆಯುವ ಕಲ್ಲು ಬೇರೆಯೇ ಇತ್ತು. ಆದರೆ ಜನರ ಬಾಳಿನಲ್ಲಿ ಈ ಕಲ್ಲು ಹೆಸರು ಮಾಡಿದ್ದು ಮಸೆಯುವುದರಲ್ಲೇ. ಗಡಸುತನದ ಮೋಸ್ ಅಳತೆಯಲ್ಲಿ ವಜ್ರ 10, ಕುರುಂದ 9. ಕುಟ್ಟಿ ಪುಡಿ ಮಾಡಿದ ಕುರುಂದವನ್ನು ಅರಗಿನಲ್ಲಿ ಕಲಸಿ ಗಾಲಿಯಾಗಿಸಿದರೆ ಅದೇ ಸಾಣೆ. ಈ ದೇಶದ ಅಕ್ಕಸಾಲಿಗರು, ಹರಳು ಕಡೆಯುವವರು, ಕತ್ತಿ ಮಸೆಯುವವರು ಎಲ್ಲರೂ ಶತಮಾನಗಳ ಕಾಲ ಇಂಥ ಗಾಲಿಗಳನ್ನೇ ತಿರುಗಿಸಿದರು. ಹಳೆಯ ಮೈಸೂರು ಸಂಸ್ಥಾನದಲ್ಲಿ ಮೈಸೂರು, ಹಾಸನ, ತುಮಕೂರು ಸೀಮೆಗಳಲ್ಲಿ ಕುರುಂದ ಸಿಗುತ್ತಿತ್ತು. ಕುಂಸಿಯ ನೆಲಕ್ಕೆ ಹೆಸರು ತಂದ ಕಲ್ಲು ಬೇರೆ. ಕುಂಸಿ–ಹೊಸಹಳ್ಳಿ ಸುತ್ತಿನ ಕಪ್ಪು ಮ್ಯಾಂಗನೀಸ್ ಅದಿರು ಭೂವಿಜ್ಞಾನಿಗಳಿಗೆ ಚಿರಪರಿಚಿತ. ಆದರೂ ಅಡಿಕೆ ಸುಲಿಯುವ ಮೆಟ್ಟುಗತ್ತಿಯಿದ್ದ ಪ್ರತಿ ಮನೆಗೂ ಸಾಣೆಯವನ ಪರಿಚಯವಿತ್ತು. ಕತ್ತಿಯ ಬದಲಿಗೆ ಬಳಸು ಎಂದು ವೈದ್ಯ ಹೇಳಿದ ಕಲ್ಲೇ ಕತ್ತಿಯನ್ನು ಹರಿತಗೊಳಿಸುವ ಕಲ್ಲಾಯಿತು. ಪದದ ಬಾಳಿನಲ್ಲಿ ಇದು ಮೊದಲ ದೊಡ್ಡ ತಿರುವು.

ಎರಡನೆಯ ತಿರುವು ಹಡಗು ಹತ್ತಿತು. 18ನೆಯ ಶತಮಾನದಲ್ಲಿ ದಕ್ಷಿಣ ಭಾರತದಿಂದ ಈ ಕಲ್ಲಿನ ಮಾದರಿಗಳು ಇಂಗ್ಲೆಂಡಿಗೆ ಹೋದವು, ಜೊತೆಗೆ ಅದರ ಹೆಸರೂ ಹೋಯಿತು. 1798ರಲ್ಲಿ ಚಾರ್ಲ್ಸ್ ಗ್ರೆವಿಲ್ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಏಷ್ಯಾದ ಈ ಕಲ್ಲಿನ ಮೇಲೆ ದೀರ್ಘ ಲೇಖನ ಬರೆದ. ಆ ಹೊತ್ತಿಗೆ ಕುರುಂದಮ್ ‘ಕೊರಂಡಮ್’ ಆಗಿ ಖನಿಜಶಾಸ್ತ್ರದ ಶಬ್ದವಾಗಿತ್ತು. ಇಂದು ನಮ್ಮ ಹೈಸ್ಕೂಲಿನ ಮಕ್ಕಳು ‘ಕೊರಂಡಮ್’ ಎಂದು ಬಾಯಿಪಾಠ ಮಾಡುವುದು ನಮ್ಮದೇ ನೆಲದಿಂದ ಹೋಗಿ ವೇಷ ಬದಲಿಸಿ ಬಂದ ಪದವನ್ನು. ಪಠ್ಯಪುಸ್ತಕದಲ್ಲಿ ಅದರ ಪಕ್ಕದಲ್ಲೇ ಕುರುಂದ ಎಂದು ಅಚ್ಚು ಹಾಕಿದರೆ ಎಷ್ಟು ಚೆನ್ನ.

ಆಮೇಲಿನ ಕಥೆ ವೇಗದ್ದು. 1902ರಲ್ಲಿ ಫ್ರಾನ್ಸಿನ ಆಗಸ್ಟ್ ವೆರ್ನ್ಯೂಯಿ ಅಲ್ಯುಮಿನಿಯಂ ಆಕ್ಸೈಡಿನ ಪುಡಿಯನ್ನು ಜ್ವಾಲೆಯಲ್ಲಿ ಕರಗಿಸಿ, ತೊಟ್ಟು ತೊಟ್ಟಾಗಿ ಬೀಳಿಸಿ ಮಾಣಿಕ್ಯವನ್ನು ಬೆಳೆಸುವ ವಿಧಾನವನ್ನು ಪ್ರಕಟಿಸಿದ. ಗಣಿಯ ಮಾಣಿಕ್ಯದಲ್ಲಿ ಇರುವ ಬೇಡದ ಬೆರಕೆ ಇದರಲ್ಲಿಲ್ಲ. ಮೊದಲು ಇದು ಒಡವೆಗೂ ಕೈಗಡಿಯಾರದ ಒಳಗಿನ ಹರಳುಗಳಿಗೂ ಒದಗಿತು. 1957ರಲ್ಲಿ ಗಾರ್ಡನ್ ಗೌಲ್ಡ್ ತನ್ನ ಟಿಪ್ಪಣಿ ಪುಸ್ತಕದಲ್ಲಿ ಬೆಳಕನ್ನು ಪ್ರಚೋದಿಸಿ ವರ್ಧಿಸುವ ಒಂದು ಸಾಧನದ ವಿಚಾರ ಬರೆದು, ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಕೂಡಿಸಿ ಅದಕ್ಕೆ ಲೇಸರ್ ಎಂದು ಹೆಸರಿಟ್ಟ. ಹೆಸರು ಮೊದಲು ಹುಟ್ಟಿತು, ಸಾಧನ ಆಮೇಲೆ. 1960ರ ಮೇ 16ರಂದು ಕ್ಯಾಲಿಫೋರ್ನಿಯಾದ ಮಾಲಿಬುವಿನ ಹ್ಯೂಸ್ ಸಂಶೋಧನಾಲಯದಲ್ಲಿ ಥಿಯೊಡೋರ್ ಮೈಮನ್ ಕೃತಕ ಮಾಣಿಕ್ಯದ ಚಿಕ್ಕ ಕಡ್ಡಿಯೊಂದರ ಸುತ್ತ, ಛಾಯಾಗ್ರಾಹಕರು ಬಳಸುವಂಥ ಸುರುಳಿ ದೀಪವನ್ನು ಮಿಂಚಿಸಿದ. ಕಡ್ಡಿಯ ತುದಿಗಳಿಗೆ ಬೆಳ್ಳಿಯ ಲೇಪವಿತ್ತು. ಅದರಿಂದ 694.3 ನ್ಯಾನೋಮೀಟರಿನ ಕಡುಗೆಂಪು ಬೆಳಕು ಹೊರಬಿತ್ತು. ಲೋಕದ ಮೊದಲ ಲೇಸರ್ ಹೊಮ್ಮಿದ್ದು ಕುರುವಿಂದದಿಂದ.

ಸುಶ್ರುತನಿಗೆ ಇದೆಲ್ಲ ತಿಳಿದಿತ್ತು ಎಂದು ಯಾರಾದರೂ ಇಲ್ಲಿಂದ ವಾದ ಹೂಡಿದರೆ ನಾನು ಒಪ್ಪುವುದಿಲ್ಲ. ಅವನ ಕೈಯಲ್ಲಿದ್ದದ್ದು ಚೂಪಾದ ಕಲ್ಲಿನ ಚೂರು. ಕ್ರೋಮಿಯಂ ಪರಮಾಣುವಿನ ಒಳಗೆ ಏನು ನಡೆಯುತ್ತದೆಂದು ತಿಳಿಯಲು 20ನೆಯ ಶತಮಾನದ ಭೌತವಿಜ್ಞಾನವೇ ಬೇಕಾಯಿತು. ಹಳೆಯ ಗ್ರಂಥಕ್ಕೆ ಅದು ಕೇಳದ ಕಿರೀಟ ತೊಡಿಸಿದರೆ ಅದರಲ್ಲಿ ನಿಜಕ್ಕೂ ಇರುವ ಸಂಪತ್ತು ಮರೆಯಾಗುತ್ತದೆ. ಅಲ್ಲಿರುವ ಸಂಪತ್ತೆಂದರೆ ಮಗುವಿಗೆ ಬೇರೆ ಸಾಧನ ಬೇಕು ಎಂಬ ಎಚ್ಚರ. ಮಾಣಿಕ್ಯದ ಲೇಸರ್ ಬಾಯಿಯೊಳಗೆ ಬಂದಾಗ ಬೇಕಾದದ್ದೂ ಅದೇ ಎಚ್ಚರ.

ಬಂದದ್ದು ಬಹಳ ಬೇಗ. 1960ರ ದಶಕದ ನಡುವೆಯೇ ಸ್ಟರ್ನ್ ಮತ್ತು ಸೋಗ್ನೆಸ್ ಎಂಬ ಸಂಶೋಧಕರು ಮಾಣಿಕ್ಯದ ಲೇಸರನ್ನು ಹಲ್ಲಿನ ಹೊರಕವಚದ ಮೇಲೆ ಹಾಯಿಸಿ ನೋಡಿದರು. ಕವಚ ಕರಗಿ ಗಾಜಿನಂತಾಯಿತು. 1965ರಲ್ಲಿ ಚರ್ಮವೈದ್ಯ ಲಿಯಾನ್ ಗೋಲ್ಡ್‌ಮನ್ ದಂತವೈದ್ಯನಾಗಿದ್ದ ತನ್ನ ಸೋದರನ ಜೀವಂತ ಹಲ್ಲಿನ ಮೇಲೆಯೇ ಪ್ರಯೋಗಿಸಿದ. ನೋವಾಗಲಿಲ್ಲ ಎಂದು ವರದಿಯಾಯಿತು. ಅದೇ 1965ರಲ್ಲಿ ಝ್ಯಾಕ್ ಮತ್ತು ಕೋಹೆನ್ ಕೋತಿಗಳ ಹಲ್ಲಿನ ಮೇಲೆ ನಡೆಸಿದ ಅಧ್ಯಯನ ಬೇರೊಂದು ಸತ್ಯ ಹೇಳಿತು: ಹಲ್ಲಿನ ಒಳತಿರುಳಿನ ಬಿಸಿ ಸುಮಾರು 5.5 ಡಿಗ್ರಿ ಸೆಲ್ಸಿಯಸ್ ಏರಿದರೆ ಸಾಕು, ಕೆಲವು ಹಲ್ಲುಗಳ ತಿರುಳು ಸತ್ತೇಹೋಗುತ್ತದೆ. ಮಾಣಿಕ್ಯದ ಲೇಸರಿನ ಬಿಸಿ ಈ ಮಿತಿಯೊಳಗೆ ನಿಲ್ಲುವಂಥದ್ದಾಗಿರಲಿಲ್ಲ. ಹಲ್ಲಿನ ಚಿಕಿತ್ಸೆಯಲ್ಲಿ ಕುರುವಿಂದ ಸೋತಿತು.

ಸುಶ್ರುತನ 12ನೆಯ ಅಧ್ಯಾಯವನ್ನು ಇಲ್ಲಿ ನೆನೆಯಬೇಕು. ಅದು ಅಗ್ನಿಕರ್ಮದ್ದು. ಬೆಂಕಿಯಿಂದ ಸುಟ್ಟು ವಾಸಿ ಮಾಡಿದ ರೋಗ ಮರುಕಳಿಸುವುದಿಲ್ಲ ಎಂದು ಬೆಂಕಿಯನ್ನು ಬಾಯ್ತುಂಬ ಹೊಗಳುವ ಅಧ್ಯಾಯ. ಆದರೂ ಯಾರಿಗೆ ಸುಡಬಾರದೆಂಬ ಪಟ್ಟಿ ಅಲ್ಲಿದೆ, ಅದರಲ್ಲಿ ದುರ್ಬಲರು, ಮುದುಕರು, ಹೆದರುವವರ ಜೊತೆಗೆ ಮಗುವೂ ಇದೆ. ಕುರುವಿಂದ ಮಗುವಿಗೆ ಆಗುತ್ತದೆ, ಬೆಂಕಿ ಆಗುವುದಿಲ್ಲ. ಲೇಸರ್ ಈ ಎರಡನ್ನೂ ಒಂದು ಮಾಡಿತು. ಕಲ್ಲಿನೊಳಗಿಂದ ಬರುವ ಬೆಂಕಿ ಅದು.

ಗ್ರಂಥ ಬೇಡವೆಂದರೂ ನಮ್ಮ ಹಳ್ಳಿಗಳಲ್ಲಿ ಮಕ್ಕಳಿಗೆ ಬೆಂಕಿ ತಾಗಿಸುವುದು ನಿಂತಿರಲಿಲ್ಲ. ಕಾಮಾಲೆಗೆ, ಹೊಟ್ಟೆಯುಬ್ಬರಕ್ಕೆ, ಬಿಡದ ಅಳುವಿಗೆ ಬಳೆಯ ಚೂರನ್ನೋ ಕಬ್ಬಿಣದ ಕಡ್ಡಿಯನ್ನೋ ಕಾಯಿಸಿ ಬರೆ ಹಾಕುತ್ತಿದ್ದರು. ಆ ಗೆರೆಗಳನ್ನು ಹೊಟ್ಟೆಯ ಮೇಲೆ ಹೊತ್ತ ಹಿರಿಯರು ಇಂದಿಗೂ ಇದ್ದಾರೆ. ಆದ್ದರಿಂದ ಲೇಸರ್ ಎಂದರೆ ಸುಡುವುದಂತೆ ಎಂದು ಕಿವಿಗೆ ಬಿದ್ದ ಅಜ್ಜಿಯೊಬ್ಬರು ಮೊಮ್ಮಗಳನ್ನು ಶಿವಮೊಗ್ಗಕ್ಕೆ ಕಳಿಸಲು ಹಿಂಜರಿದರೆ ಅದು ಅಜ್ಞಾನವಲ್ಲ, ನೆನಪು. ಆ ಅಂಜಿಕೆಗೆ ವೈದ್ಯರು ಕೂತು ಉತ್ತರ ಹೇಳಬೇಕು. ಉತ್ತರವೂ ಇದೆ.

ಮಾಣಿಕ್ಯದ ನಂತರ ಬೇರೆ ಬೇರೆ ಲೇಸರುಗಳು ಬಂದವು. ಬಾರಾಮತಿಯಲ್ಲಿ ಹುಟ್ಟಿ ಅಮೆರಿಕದ ಬೆಲ್ ಪ್ರಯೋಗಾಲಯ ಸೇರಿದ ಸಿ. ಕುಮಾರ್ ಪಟೇಲ್ 1964ರಲ್ಲಿ ಇಂಗಾಲದ ಡೈಆಕ್ಸೈಡಿನ ಲೇಸರ್ ಕಟ್ಟಿದರು. ಅದರ 10,600 ನ್ಯಾನೋಮೀಟರಿನ ಕಿರಣವನ್ನು ನೀರು ಒಡನೆ ಹೀರಿಕೊಳ್ಳುತ್ತದೆ. ಒಸಡು, ನಾಲಗೆ, ತುಟಿಯ ಒಳಮೈ ಎಲ್ಲವೂ ಬಹುಪಾಲು ನೀರೇ ಆದ್ದರಿಂದ ಕಿರಣ ಮೇಲ್ಪದರದಲ್ಲೇ ಖರ್ಚಾಗಿ ಆಳಕ್ಕೆ ಇಳಿಯುವುದಿಲ್ಲ. 1990ರಲ್ಲಿ ಅಮೆರಿಕದಲ್ಲಿ ದಂತವೈದ್ಯರಿಗೆಂದೇ ರೂಪಿಸಿದ ಲೇಸರ್ ಮಾರುಕಟ್ಟೆಗೆ ಬಂತು. 1997ರಲ್ಲಿ ಎರ್ಬಿಯಂ ಲೇಸರಿಗೆ ಹಲ್ಲನ್ನೇ ಕೊರೆಯಲು ಅಲ್ಲಿ ಅನುಮತಿ ಸಿಕ್ಕಿತು. ಜೊತೆಗೇ ನೀರು ಚಿಮ್ಮುವುದರಿಂದ ಬಿಸಿ ತಡೆಯುವ ಯಂತ್ರ ಅದು. ಆದರೆ ಬೆಲೆ ಹೆಚ್ಚು. ನಮ್ಮ ಜಿಲ್ಲಾ ಕೇಂದ್ರಗಳ ಕ್ಲಿನಿಕ್ಕುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಡಯೋಡ್ ಲೇಸರ್. ಪುಸ್ತಕದ ಗಾತ್ರದ ಪೆಟ್ಟಿಗೆ, ಅದರಿಂದ ಹೊರಟ ತೆಳು ಎಳೆ, ತುದಿಯಲ್ಲಿ ಪೆನ್ನಿನಂಥ ಹಿಡಿ. 810ರಿಂದ 980 ನ್ಯಾನೋಮೀಟರಿನ ಅದರ ಕಿರಣ ಕಣ್ಣಿಗೆ ಕಾಣುವುದಿಲ್ಲ. ಕಾಣುವ ಕೆಂಪು ಚುಕ್ಕೆ ದಾರಿ ತೋರಿಸಲು ಮಾತ್ರ.

ಕುಂಸಿಯ ನಮ್ಮ ಬಂಧುಗಳ ಮನೆಯ ಎಂಟು ವರ್ಷದ ಹುಡುಗಿಗೆ ಈ ಯಂತ್ರದಿಂದ ಚಿಕಿತ್ಸೆಯಾಗುವಾಗ ನಾನು ಕೋಣೆಯಲ್ಲಿದ್ದೆ. ನಾಲ್ಕನೆಯ ವಯಸ್ಸಿನಲ್ಲಿ ಬಿದ್ದು ಮುಂದಿನ ಒಂದು ಹಾಲುಹಲ್ಲು ಹೋಗಿತ್ತು. ಜೋಡಿಯ ಇನ್ನೊಂದು ಕಡೆಯ ಶಾಶ್ವತ ಹಲ್ಲು ಬಂದು ತಿಂಗಳುಗಳೇ ಕಳೆದಿದ್ದರೂ ಈ ಕಡೆಯದರ ಸುಳಿವಿಲ್ಲ. ಎಕ್ಸ್‌ರೇಯಲ್ಲಿ ಹಲ್ಲು ನೆಟ್ಟಗೆ, ಒಸಡಿನ ಅಡಿಯಲ್ಲೇ ನಿಂತಿತ್ತು. ಹಾಲುಹಲ್ಲು ಬೇಗ ಹೋದಾಗ ಅಲ್ಲಿನ ಒಸಡು ಅಗಿದು ಅಗಿದು ಜಡ್ಡುಗಟ್ಟುತ್ತದೆ, ಕೆಳಗಿನ ಹಲ್ಲಿಗೆ ಅದನ್ನು ಸೀಳಿ ಬರಲಾಗುವುದಿಲ್ಲ. ತೆಲುಗಿನಲ್ಲಿ ಒಸಡಿಗೆ ಚಿಗುರು ಎಂದೇ ಹೆಸರು. ಇಲ್ಲಿ ಚಿಗುರೇ ಬಾಗಿಲು ಹಾಕಿಕೊಂಡಿತ್ತು.

ಬೆಳಿಗ್ಗೆ ಆಯನೂರಿನ ಮೇಲೆ ಸಾಗರ ರಸ್ತೆಯ ಬಸ್ಸಿನಲ್ಲಿ ಶಿವಮೊಗ್ಗಕ್ಕೆ ಬಂದ ಹುಡುಗಿ ತಾಯಿಯ ಸೆರಗು ಬಿಟ್ಟಿರಲಿಲ್ಲ. ವೈದ್ಯೆ ಮೊದಲು ನಾಲ್ಕು ಕನ್ನಡಕ ತಂದರು: ತಮಗೊಂದು, ತಾಯಿಗೊಂದು, ನನಗೊಂದು, ಮಗುವಿನ ಮುಖಕ್ಕೆ ಸರಿಯಾಗಿ ಕೂರುವ ಚಿಕ್ಕದೊಂದು. ಕಿರಣ ಕಣ್ಣಿಗೆ ಕಾಣದೆಯೇ ಅಕ್ಷಿಪಟ ಸುಡಬಲ್ಲದು, ಆದ್ದರಿಂದ ಇದು ಕಡ್ಡಾಯ, ಕನ್ನಡಕವೂ ಆ ಯಂತ್ರದ ತರಂಗಕ್ಕೆ ಹೊಂದುವಂಥದ್ದೇ ಆಗಬೇಕು. ಆಮೇಲೆ ಹೇಳಿದರು, ತೋರಿಸಿದರು, ಆಮೇಲೆಯೇ ಮಾಡಿದರು. ಸುಟ್ಟ ಕೂದಲಿನಂಥ ವಾಸನೆ ಬರುತ್ತದೆ, ಹೆದರಬೇಡ ಎಂದು ಮುಂಚೆಯೇ ತಿಳಿಸಿದರು. ಒಸಡಿಗೆ ಮರಗಟ್ಟಿಸುವ ಜೆಲ್ ಹಚ್ಚಿ ಕಾದು, ಮೇಲೊಂದು ಸಣ್ಣ ಇಂಜೆಕ್ಷನ್ ಕೊಟ್ಟರು. ಲೇಸರ್ ಅಂದರೆ ಸೂಜಿಯೇ ಇಲ್ಲ ಎಂದು ಸಾರುವುದುಂಟು. ತೆಳು ಪೊರೆಗೆ ಜೆಲ್ ಸಾಕಾಗಬಹುದು, ದಪ್ಪ ಒಸಡಿಗೆ ಸಾಕಾಗುವುದಿಲ್ಲ ಎಂದು ಅವರು ತಾಯಿಗೆ ನೇರವಾಗಿ ಹೇಳಿದ್ದು ನನಗೆ ಹಿಡಿಸಿತು.

ನಂತರ ನಡೆದದ್ದು ಈ ಪದದ ಕಥೆಗೆ ಮುಖ್ಯ. ವೈದ್ಯೆ ಎಳೆಯ ತುದಿಯನ್ನು ನೀಲಿ ಕಾಗದದ ಚೂರಿನ ಮೇಲೆ ಒಂದೆರಡು ಸಲ ಮುಟ್ಟಿಸಿ ಕಿರಣ ಹಾಯಿಸಿದರು. ತುದಿಗೆ ಕಪ್ಪು ಹತ್ತಿತು. ಆ ಕಪ್ಪು ಕಿರಣವನ್ನು ಹೀರಿ ತುದಿಯನ್ನೇ ಕಾಯಿಸುತ್ತದೆ, ಕೊಯ್ಯುವುದು ಬಹುಮಟ್ಟಿಗೆ ಆ ಕಾದ ತುದಿ. ಎಳೆ ಯಾವುದರದ್ದು ಎಂದು ಕೇಳಿದೆ. ಸಿಲಿಕಾ ಗಾಜು ಎಂದರು. ಸ್ಫಟಿಕವೂ ಸಿಲಿಕಾ, ಗಾಜೂ ಸಿಲಿಕಾ. ಸುಶ್ರುತನ ಪಟ್ಟಿಯಲ್ಲಿ ಕುರುವಿಂದದ ಹಿಂದೆಯೇ ಇದ್ದ ಎರಡು ಹೆಸರು ಅವು. ಕುರುವಿಂದ ಹಿಂದೆ ಸರಿದ ಜಾಗಕ್ಕೆ ಅದರ ನೆರೆಯವರೇ ಬಂದು ನಿಂತಿದ್ದಾರೆ.

ಶಕ್ತಿ 1 ವ್ಯಾಟಿಗಿಂತ ತುಸು ಹೆಚ್ಚು, ಅದೂ ಬಿಟ್ಟು ಬಿಟ್ಟು. ತುದಿಯನ್ನು ಒಂದೇ ಕಡೆ ನಿಲ್ಲಿಸದೆ ಕುಂಚದಂತೆ ಆಡಿಸಿ, ನಡುನಡುವೆ ನಿಲ್ಲಿಸಿ ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ ತಣಿಸಿದರು. ಪಕ್ಕದಲ್ಲೇ ಹೊಗೆ ಎಳೆಯುವ ನಳಿಗೆ. ಒಸಡನ್ನು ಪೂರಾ ತೆಗೆಯಲಿಲ್ಲ, ಹಲ್ಲಿನ ಅಂಚು ಕಾಣುವಷ್ಟು ಕಿಂಡಿ ತೆರೆದರು. ಹಲ್ಲಿನ ಕೊರಳಿಗೆ ಆನಿಕೊಳ್ಳುವ ಗಟ್ಟಿ ಒಸಡಿನ ಪಟ್ಟಿ ಉಳಿಯಲೇಬೇಕು, ಹೆಚ್ಚು ಕೊಯ್ದರೆ ಮುಂದೆ ಬೇರು ಬರಿದಾಗುತ್ತದೆ. ಕತ್ತಿಯಾದರೂ ಲೇಸರ್ ಆದರೂ ಈ ಲೆಕ್ಕ ಕೈಗೆ ಗೊತ್ತಿರಬೇಕು. ಕೆಲವೇ ನಿಮಿಷ. ರಕ್ತವಿಲ್ಲ, ಹೊಲಿಗೆಯಿಲ್ಲ. ಕಿಂಡಿಯೊಳಗೆ ಬಿಳಿಯ ಅಂಚು ಕಂಡಿತು. ಮೂರನೆಯ ದಿನಕ್ಕೆ ಅಲ್ಲಿ ಹಳದಿ ಬಿಳುಪಿನ ಪೊರೆ ಕಟ್ಟುತ್ತದೆ, ಕೀವಲ್ಲ, ಕೆರೆಯಬೇಡಿ ಎಂದು ಹೇಳಿ ಕಳಿಸಿದರು. ಎರಡು ದಿನ ತಣ್ಣಗಿನ ರಾಗಿ ಗಂಜಿ, ಮಜ್ಜಿಗೆ ಅನ್ನ. ಮಿಡಿ ಉಪ್ಪಿನಕಾಯಿ ಮಾತ್ರ ಬೇಡ.

ಇದು ಬೆಂಕಿಯೇ, ಆದರೆ ವ್ಯಾಟಿನಲ್ಲಿ ಅಳೆದ, ಕ್ಷಣಗಳಲ್ಲಿ ತುಂಡರಿಸಿದ, ಗಾಜಿನ ತುದಿಯಲ್ಲಿ ಕಟ್ಟಿಹಾಕಿದ ಬೆಂಕಿ. ಅಜ್ಜಿಗೆ ಹೇಳಬೇಕಾದ ಉತ್ತರ ಇದು. ಅಳತೆ ತಪ್ಪಿದರೆ, ತುದಿ ಒಂದೇ ಕಡೆ ನಿಂತರೆ, ಅದು ಮತ್ತೆ ಬರೆಯೇ ಆಗುತ್ತದೆ. ಕೆಳಗಿನ ಮೂಳೆಯೂ ಹಲ್ಲಿನ ತಿರುಳೂ ಬೇಯಬಹುದು. 5.5 ಡಿಗ್ರಿಯ ಎಚ್ಚರಿಕೆ ಇಂದಿಗೂ ಹಳೆಯದಾಗಿಲ್ಲ.

ಮೃದು ಎಂಬ ಮಾತನ್ನೇ ಜಾಹೀರಾತು ಮಾಡಿಕೊಂಡು ಬೇಡದ ಮಕ್ಕಳಿಗೂ ಲೇಸರ್ ಮಾಡುವುದನ್ನು ಕಂಡಾಗ ನನಗೆ ಸಂಕಟವಾಗುತ್ತದೆ. ಎಂಟು ವರ್ಷದ ಮಗುವಿನ ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ಸಂದಿರುವುದು ಸಹಜ. ಕೋರೆಹಲ್ಲುಗಳು ಬರುವ 11–12ರ ಹೊತ್ತಿಗೆ ಬಹಳ ಮಕ್ಕಳಲ್ಲಿ ಅದು ತಾನಾಗಿ ಕೂಡಿಕೊಳ್ಳುತ್ತದೆ. ಅಷ್ಟರೊಳಗೆ ತುಟಿಯ ಪೊರೆ ಕೊಯ್ಯಿಸಲು ಅವಸರಪಡಬೇಕಾಗಿಲ್ಲ. ಹಲ್ಲು ಬರುವ ಜಾಗದಲ್ಲಿ ನೀಲಿಯಾಗಿ ಉಬ್ಬಿದ ನೀರುಗುಳ್ಳೆ ಹೆಚ್ಚಿನ ಸಲ ಹಲ್ಲು ಮೂಡಿದೊಡನೆ ಇಳಿಯುತ್ತದೆ. ಒಸಡಿನ ಕುರುವಿಗೆ ಕಾರಣ ಹುಳುಕು ಹಲ್ಲಿನ ಬೇರು. ಗುಳ್ಳೆಯನ್ನು ಸುಟ್ಟರೆ ಬೇರಿನ ಸೋಂಕು ಹೋಗುವುದಿಲ್ಲ, ಹಲ್ಲಿಗೇ ಚಿಕಿತ್ಸೆಯಾಗಬೇಕು. ಎಳೆಗೂಸುಗಳ ನಾಲಗೆಯ ಕೆಳಗಿನ ಪೊರೆ ಕೊಯ್ಯುವುದು ಅತಿಯಾಗಿರುವ ಬಗ್ಗೆ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ 2024ರಲ್ಲಿ ಎಚ್ಚರಿಸಿದೆ. ನಾಲಗೆ ಗಿಡ್ಡವಾಗಿ ಕಂಡ ಮಾತ್ರಕ್ಕೆ ಕೊಯ್ಯಬಾರದು, ಮೊದಲು ಹಾಲು ಕುಡಿಸುವ ಭಂಗಿ ಮತ್ತು ಬೇರೆ ಕಾರಣಗಳನ್ನು ನೋಡಬೇಕು.

ಎಲ್ಲಕ್ಕಿಂತ ನನಗೆ ನೋವು ತರುವುದು ಕಪ್ಪು ಒಸಡನ್ನು ಕೆಂಪಗೆ ಮಾಡಿಕೊಡುತ್ತೇವೆ ಎಂಬ ಆಮಿಷ ಮಕ್ಕಳವರೆಗೂ ತಲುಪಿರುವುದು. ನಮ್ಮ ಜನರ ಒಸಡಿನಲ್ಲಿ ಮೆಲನಿನ್ ಇರುವುದು ಚರ್ಮದಲ್ಲಿ ಇರುವಷ್ಟೇ ಸಹಜ. ಅದು ರೋಗವಲ್ಲ, ಕೊಳೆಯಲ್ಲ. ಬೆಳೆಯುವ ಮಗುವಿನ ಒಸಡನ್ನು ಬಣ್ಣಕ್ಕಾಗಿ ಸುಡುವುದು ಬೇಡ. ನಿಜಕ್ಕೂ ಒದಗುವ ಕಡೆ ಲೇಸರ್ ದೊಡ್ಡ ಆಸರೆ: ರಕ್ತ ಹೆಪ್ಪುಗಟ್ಟದ ತೊಂದರೆಯಿರುವ ಮಗುವಿಗೆ ತಜ್ಞರ ನಿಗಾದಲ್ಲಿ, ಮೂರ್ಛೆರೋಗದ ಫೆನಿಟಾಯಿನ್ ಮಾತ್ರೆಯಿಂದ ಒಸಡು ಬೆಳೆದು ಹಲ್ಲು ಮುಚ್ಚಿದವರಿಗೆ, ಹೊಲಿಗೆ ಹಾಕಿಸಿಕೊಳ್ಳಲು ಸುಮ್ಮನೆ ಕೂರಲಾಗದ ವಿಶೇಷ ಚೇತನ ಮಕ್ಕಳಿಗೆ. ಶಸ್ತ್ರಕ್ಕೆ ಹೆದರುವವರು ಎಂಬ ಸುಶ್ರುತನ ಮಾತು ಇಂದು ಇವರನ್ನು ನೆನಪಿಸುತ್ತದೆ.

ಮಾಣಿಕ್ಯದ ಲೇಸರ್ ಈಗ ದಂತವೈದ್ಯರ ಬಳಿ ಇಲ್ಲ. ಹಚ್ಚೆ, ಮಚ್ಚೆ ಅಳಿಸುವ ಚರ್ಮವೈದ್ಯರಲ್ಲಿ ಕೆಲವರು ಬಳಸುವುದುಂಟು. ಕುರುವಿಂದ ಎಂಬ ಪದ ನಿಘಂಟಿನಲ್ಲೂ ಆಯುರ್ವೇದದ ಪಾಠದಲ್ಲೂ ಉಳಿದಿದೆ. ಸಾಣೆಯ ಗಾಲಿಯೂ ಈಗ ಕಾರ್ಖಾನೆಯದು, ಅದರಲ್ಲಿ ಅರಗಿಲ್ಲ. ಆದರೆ ಆ ಪದ ಮೊದಲು ನಿಂತಿದ್ದ ಜಾಗ, ಮಗುವಿಗೆ ಕತ್ತಿಯ ಬದಲು ಏನು ಎಂಬ ಪ್ರಶ್ನೆಯ ಪಕ್ಕದ ಜಾಗ, ಇಂದು ಕುಂಸಿಯಿಂದ ಬಸ್ಸು ಹತ್ತುವ ತಾಯಿಯ ಮುಂದೆ ಒಂದು ಕಾಗದದ ರೂಪದಲ್ಲಿದೆ. ಚಿಕಿತ್ಸೆಗೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರ ಅದು. ನಾನು ನೋಡಿದ ಪತ್ರಗಳು ಹೆಚ್ಚಾಗಿ ಇಂಗ್ಲಿಷಿನಲ್ಲೇ ಇದ್ದವು. ಶಿವಮೊಗ್ಗದಲ್ಲಿ ಶರಾವತಿ ದಂತ ವೈದ್ಯಕೀಯ ಕಾಲೇಜಿದೆ, ಕುವೆಂಪು ವಿಶ್ವವಿದ್ಯಾಲಯದ ಕನ್ನಡ ವಿಭಾಗ ಭದ್ರಾವತಿಯ ಮಗ್ಗುಲ ಶಂಕರಘಟ್ಟದಲ್ಲಿದೆ. ವೈದ್ಯರೂ ಭಾಷೆ ಬಲ್ಲವರೂ ಒಂದು ಮಧ್ಯಾಹ್ನ ಕೂಡಿ ಕೂತರೆ ಒಂದು ಪುಟದ ಕನ್ನಡ ಪತ್ರ ಸಿದ್ಧವಾಗುತ್ತದೆ. ಯಾವ ಲೇಸರ್, ಎಲ್ಲಿ ಎಷ್ಟು ಕೊಯ್ಯುತ್ತಾರೆ, ಸೂಜಿ ಬೇಕಾಗುತ್ತದೆಯೇ, ಎಷ್ಟು ದಿನ ನೋವಿರುತ್ತದೆ, ಕತ್ತಿಯಿಂದಲೇ ಮಾಡಿದರೆ ವ್ಯತ್ಯಾಸವೇನು, ಖರ್ಚೆಷ್ಟು, ಮಗುವಿನ ಅಳತೆಯ ಕನ್ನಡಕ ಇದೆಯೇ ಎಂಬುದನ್ನೆಲ್ಲ ಅದು ತಿಳಿಯಾಗಿ ಹೇಳಬೇಕು. ಈ ಕೆಲಸ ಈಗಲೇ ಆಗಬೇಕೇ, ಆರು ತಿಂಗಳು ಕಾದರೆ ಏನಾಗುತ್ತದೆ ಎಂಬ ಒಂದು ಸಾಲು ಸಹಿಯ ಜಾಗಕ್ಕಿಂತ ಮೇಲೆ ಇರಬೇಕು.